ವಿಶಾಲವಾದ ಅಂಗಳ

ಮಾರ್ಚ್ 11, ಮಂಗಳವಾರ

ಇವತ್ತು ಬೆಳಿಗ್ಗೆ ನೋಡಿದ್ದು — ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಗಣಿತದ ಸರ್ ಹಾಕುವ ಚೌಕ ಎರಡು ಗೇಣು ಬೆಳೆದಿದೆ. ಒಳಗೆ ಅವರ ಲೆಕ್ಕ, ಮೂಲೆಯಲ್ಲಿ ‘ಅಳಿಸಬೇಡಿ’. ಜೂನ್‌ನಲ್ಲಿ ಅರ್ಧ ಬೋರ್ಡು ನನಗಿತ್ತು. ಈಗ ಕಿಟಕಿ ಪಕ್ಕದ ಒಂದು ಪಟ್ಟಿ. ಸಾಲಿಗೆ ಮೂರು ಪದ ಹಿಡಿಯುತ್ತದೆ. ಗದ್ಯವೂ ಪದ್ಯದ ಹಾಗೆ ಕಾಣುತ್ತದೆ.

ಕೇಳೋಣವೆಂದು ಸ್ಟಾಫ್ ರೂಮಿನವರೆಗೆ ಹೋದೆ. “ಏನ್ ಮಿಸ್?” ಅಂದರು. “ಚಾಕ್‌ಪೀಸ್ ಇದೆಯಾ ಸರ್?” ಅಂದೆ. ಕೊಟ್ಟರು. ನನ್ನ ಬ್ಯಾಗಿನಲ್ಲೇ ನಾಲ್ಕಿತ್ತು.

ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲೆಲ್ಲ ಅಮ್ಮ ಹೇಳಿಕೊಂಡು ಬಂದಿದ್ದಾಳೆ — “ನಮ್ಮ ಗಗನ ಬುದ್ಧಿವಂತರ ಸ್ಕೂಲಲ್ಲಿ ಮೇಡಂ.” ಲೆಕ್ಕ, ವಿಜ್ಞಾನದಲ್ಲಿ ಚುರುಕಾದ ಮಕ್ಕಳನ್ನು ಊರೂರಿನಿಂದ ಪರೀಕ್ಷೆ ಮಾಡಿ ಆರಿಸಿ ತಂದು, ಹಾಸ್ಟೆಲ್ ಕೊಟ್ಟು ಓದಿಸುವ ಶಾಲೆ. ಅಲ್ಲಿ ನಾನು ಕನ್ನಡ. ವಾರಕ್ಕೆ ಮೂರು ಪೀರಿಯಡ್. ಒಂದನ್ನು ಒಲಿಂಪಿಯಾಡ್ ತರಬೇತಿ ನುಂಗುತ್ತದೆ.

ಪ್ರಬಂಧ ತಿದ್ದಿದೆ. ‘ನಮ್ಮ ಮನೆಯ ಅಡುಗೆ’. ಎಲ್ಲರೂ ಕೊನೆಯಲ್ಲಿ ಒಂದು ನೀತಿ ಹೇಳಿದ್ದಾರೆ. ವರ್ಷಿಣಿ ಮಾತ್ರ ಎಂದಿನಂತೆ ವಾಕ್ಯಗಳಿಗೆ ನಂಬರ್ ಹಾಕಿದ್ದಾಳೆ.

1. ನಮ್ಮವ್ವ ಊರಿನ ಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಾರೆ. 2. ದಿನಾ ಬರುವ ಮಕ್ಕಳ ಸಂಖ್ಯೆ ಬೇರೆ ಬೇರೆ. 3. ಅವ್ವ ಅಕ್ಕಿಯನ್ನು ಅಳೆಯುವುದಿಲ್ಲ, ಕೈಯಲ್ಲಿ ಸುರಿಯುತ್ತಾರೆ. 4. ಮಿಕ್ಕುವುದಿಲ್ಲ, ಸಾಲದೆ ಬರುವುದೂ ಇಲ್ಲ. 5. ಹೇಗೆ ಎಂದು ಎರಡು ವರ್ಷ ನೋಡಿದೆ. 6. ಇನ್ನೂ ಗೊತ್ತಾಗಿಲ್ಲ.

ಹತ್ತಕ್ಕೆ ಒಂಬತ್ತು ಕೊಟ್ಟೆ. ಆ ಒಂದನ್ನು ಯಾಕೆ ಹಿಡಿದುಕೊಂಡೆನೋ.

ಮಾರ್ಚ್ 13, ಗುರುವಾರ

ಪ್ರಿನ್ಸಿಪಾಲ್ ವಾಗೀಶ ಸರ್ ಕರೆಸಿದರು. ಎದುರಿಗೆ ಒಂದು ಪಟ್ಟಿ. ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೊಂದು ರಿವ್ಯೂ ಪರೀಕ್ಷೆ. ಕೊನೆಯ ಆರು ಮಕ್ಕಳನ್ನು ಶಾಲೆ ಹತ್ತನೇ ಕ್ಲಾಸಿಗೆ ಇಟ್ಟುಕೊಳ್ಳುವುದಿಲ್ಲ.

ಐದನೆಯ ಹೆಸರು ವರ್ಷಿಣಿ.

ಅರವತ್ತು ಪ್ರಶ್ನೆ, ಒಂದೂವರೆ ಗಂಟೆ. ಅವಳು ಮಾಡಿದ್ದು ಮೂವತ್ತೊಂದು. ಮೂವತ್ತೊಂದೂ ಸರಿ.

“ನಿಧಾನ ಆಯ್ತು ಅಷ್ಟೇ,” ಅಂದರು ಸರ್. ಬೇಜಾರಿನಿಂದಲೇ ಅಂದರು, ಅವರು ಕೆಟ್ಟವರಲ್ಲ. “ಆರರಲ್ಲಿ ನಾಲ್ಕು ಮನೆಗೆ ಕನ್ನಡದಲ್ಲಿ ಪತ್ರ ಹೋಗ್ಬೇಕು ಮಿಸ್. ಹೋದ ವರ್ಷ ಆಫೀಸಿನವರು ಬರೆದದ್ದನ್ನ ಓದಿ ಒಬ್ಬರು ತಂದೆ ಗೇಟ್ ಹತ್ರ ಕೂತು ಅತ್ತುಬಿಟ್ಟರು. ನೋಡೋಕಾಗ್ಲಿಲ್ಲ. ನೀವು ಸಾಹಿತ್ಯದವರು. ಸ್ವಲ್ಪ ಮೃದುವಾಗಿ ಬರ್ಕೊಡಿ.”

ಆಫೀಸಿನ ಮಹದೇವಪ್ಪ ಹಳೆಯ ಪ್ರತಿ ತೋರಿಸಿದರು. ಎರಡೇ ಸಾಲು. ‘ಸದರಿ ವಿದ್ಯಾರ್ಥಿಯನ್ನು ಮುಂದುವರಿಸಲಾಗುವುದಿಲ್ಲ. ಟಿ.ಸಿ. ಪಡೆಯತಕ್ಕದ್ದು.’

ಓದಿದರೆ ಕೆನ್ನೆಗೆ ಹೊಡೆದ ಹಾಗಿದೆ.

ಮಾರ್ಚ್ 14, ಶುಕ್ರವಾರ

ನಾಲ್ಕು ಸಲ ಬರೆದೆ. ಕೊನೆಯದು ಹೀಗೆ —

‘ನಿಮ್ಮ ಮಗಳು ಇಲ್ಲಿ ಕಲಿಯಬೇಕಾದ್ದನ್ನು ಶ್ರದ್ಧೆಯಿಂದ ಕಲಿತಿದ್ದಾಳೆ. ಮುಂದಿನ ವರ್ಷದಿಂದ ಅವಳ ಪ್ರತಿಭೆಗೆ ಇನ್ನೂ ವಿಶಾಲವಾದ ಅಂಗಳವೇ ತಕ್ಕದ್ದೆಂದು ಶಾಲೆ ಮನಗಂಡಿದೆ. ಅವಳನ್ನು ಹೆಮ್ಮೆಯಿಂದ ಹರಸಿ ಬೀಳ್ಕೊಡುತ್ತಿದ್ದೇವೆ.’

ವಾಗೀಶ ಸರ್ ಎರಡು ಸಲ ಓದಿದರು. “ಎಲ್ಲೂ ಒಂದು ‘ಇಲ್ಲ’ ಇಲ್ಲವಲ್ಲ ಮಿಸ್! ಹೂವಿನಂಥ ಕನ್ನಡ.”

ಖುಷಿಯಾಯಿತು. ನಾಚಿಕೆಯಾದರೂ ಬರೆದಿಡಬೇಕು — ಮನೆಗೆ ಬರುವ ಬಸ್ಸಿನಲ್ಲಿ ಉದ್ದಕ್ಕೂ ಖುಷಿಯಾಗಿದ್ದೆ. ಬಾಯಲ್ಲಿ ಆಗದ್ದನ್ನೆಲ್ಲ ನಾನು ಬರೆದೇ ದಾಟಿಕೊಂಡವಳು. ಎಂ.ಎ. ಮೌಖಿಕ ಪರೀಕ್ಷೆಯಲ್ಲೂ ಉತ್ತರವನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಈ ಕೆಲಸವೂ ಅರ್ಜಿಯ ಜೊತೆ ಇಟ್ಟ ಪತ್ರದಿಂದ ಸಿಕ್ಕಿದ್ದು. ಮೊದಲ ಸಲ ನನ್ನ ಕನ್ನಡ ಯಾರಿಗೋ ಉಪಯೋಗಕ್ಕೆ ಬಂತು ಅನ್ನಿಸಿತು.

ಮಾರ್ಚ್ 20, ಗುರುವಾರ

ಆರು ಮಕ್ಕಳನ್ನೂ ಕೂರಿಸಿ ಹೇಳಿದರಂತೆ. ಐವರು ಅತ್ತರು. ವರ್ಷಿಣಿ ಅಳಲಿಲ್ಲ. ಕ್ಲಾಸು ಮುಗಿದ ಮೇಲೆ ನನ್ನ ಹತ್ತಿರ ಬಂದಳು.

“ಮಿಸ್, ಊರಿಗೆ ಕಾಗದ ಹೋಯ್ತಾ?”

“ಸೋಮವಾರವೇ ಹೋಯ್ತು.”

“ಏನಂತ ಬರೆದಿದೆ?”

“ಚೆನ್ನಾಗೇ ಬರೆದಿದೆ,” ಅಂದೆ. ಹುಡುಗಿ ತಲೆ ಆಡಿಸಿದಳು. ಚೆನ್ನಾಗಿ ಅಂದರೆ ಏನು ಅಂತ ಕೇಳಲಿಲ್ಲ. ಅವಳು ಕೇಳದೆ ಬಿಟ್ಟ ಪ್ರಶ್ನೆ ನಾನು ಕಂಡಂತೆ ಅದೊಂದೇ.

ಮಾರ್ಚ್ 26, ಬುಧವಾರ

ಹೇಗೆ ಬರೆಯಲಿ…

ಪತ್ರ ಬರೆದವರನ್ನು ಕಾಣಬೇಕಂತೆ ಅಂತ ಮಧ್ಯಾಹ್ನ ವಿಸಿಟರ್ಸ್ ಬೆಂಚಿನ ಹತ್ತಿರ ಬರಹೇಳಿದರು. ವರ್ಷಿಣಿಯ ತಾಯಿ ಶಿವನಂಜಮ್ಮ. ನಂಜನಗೂಡಿನಾಚೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಸ್ಟೀಲ್ ಡಬ್ಬಿ. ಪಕ್ಕದಲ್ಲಿ ವರ್ಷಿಣಿ, ನೆಲ ನೋಡುತ್ತ.

ಅಳುವುದಕ್ಕೆ ಬಂದಿದ್ದಾರೆ ಅಂದುಕೊಂಡೆ. ಆಕೆ ನಗುತ್ತಿದ್ದರು.

“ನೀವೇಯಾ ಅವ್ವ ಆ ಕಾಗ್ದ ಬರ್ದೋರು? ಅಯ್ಯೋ, ಇಷ್ಟು ಚಿಕ್ಕೋರಾ! ನಮ್ಮ ಎಡ್ಮಾಸ್ಟ್ರು ಪ್ರೇಯರಲ್ಲಿ ಮೈಕಾಕ್ಕೊಂಡು ಓದ್ಬುಟ್ರು ಕಣವ್ವ. ಮಕ್ಳೆಲ್ಲ ಚಪ್ಪಾಳೆ ತಟ್ಟುದ್ರು. ನಾನು ಒಲೆ ಮುಂದ್ಲಿಂದ ಅಂಗೇ ಎದ್ದು ಓಡ್ಬಂದೆ. ಸಾರು ಸೀದೋಯ್ತು ಅವತ್ತು.”

ಏನು ಹೇಳುತ್ತಿದ್ದಾರೆ ಅಂತ ಅರ್ಥವಾಗುವಷ್ಟರಲ್ಲಿ ಫೋನ್ ತೆಗೆದು ತೋರಿಸಿದರು. ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್. ವರ್ಷಿಣಿಯ ಹಾಲ್ ಟಿಕೆಟ್ಟಿನ ಫೋಟೋ ದೊಡ್ಡದು ಮಾಡಿ ಹಾಕಿದ್ದಾರೆ. ‘ಉನ್ನತ ಶಾಲೆಗೆ ಆಯ್ಕೆಯಾದ ನಮ್ಮೂರ ಹೆಮ್ಮೆಯ ಪುತ್ರಿಗೆ ಅಭಿನಂದನೆಗಳು.’

“ಇನ್ನೂ ದೊಡ್ಡ ಅಂಗ್ಳ ಅಂತ ಬರ್ದಿದ್ರಲ್ಲ… ಯಾವೂರಲ್ಲದೆ ಅವ್ವ ಆ ಇಸ್ಕೂಲು? ಬೆಂಗ್ಳೂರಾ?”

ಬಾಯಿ ತೆರೆದೆ. ಬರಲಿಲ್ಲ. ವರ್ಷಿಣಿ ತಲೆಯೆತ್ತಿ ನನ್ನನ್ನು ನೋಡಿದಳು. ಬೇಡ ಅನ್ನುವ ಹಾಗೆ, ತೀರಾ ಸಣ್ಣಗೆ, ತಲೆ ಆಡಿಸಿದಳು.

“ಎಸ್ರು ಆಮೇಲೆ ಬತ್ತದೆ ಕಣವ್ವ,” ಅಂದಳು ಅವಳೇ.

“ಓ, ಅದ್ಕೂ ಕಾಗ್ದ ಬತ್ತದಾ? ನೀವೇ ಬರೀರವ್ವ. ನಿಮ್ಮ ಬರ್ವಣಿಗೆ ಓದುದ್ರೆ ಎದೆ ತಣ್ಣಗಾಯ್ತದೆ.” ಡಬ್ಬಿ ತೆಗೆದರು. ಕಜ್ಜಾಯ. “ತಿನ್ನಿ, ನನ್ನೆದುರ್ಗೇ ತಿನ್ನಿ. ಕಡ್ಡಿ ಇದ್ದಂಗಿದ್ದೀರ. ಸಂಬ್ಳ ಕೊಡಲ್ವಾ ಇವ್ರು?”

ತಿಂದೆ. ಒಂದಲ್ಲ, ಎರಡು.

ಆಕೆ ಹೋದ ಮೇಲೆ ವರ್ಷಿಣಿ ಅಂದಳು — “ಯುಗಾದಿಗೆ ಊರಿಗೆ ಹೋಗ್ತೀನಲ್ಲ ಮಿಸ್. ಹಬ್ಬ ಕಳೀಲಿ. ನಾನೇ ಹೇಳ್ತೀನಿ. ಪ್ಲೀಸ್.”

ಆಗಲಿ ಅಂದೆ. ಹದಿನಾಲ್ಕು ವರ್ಷದ ಮಗುವಿನ ತಲೆಗೆ ಅದನ್ನು ಹೊರಿಸಿ, ಆಗಲಿ ಅಂದೆ.

ಏಪ್ರಿಲ್ 2, ಬುಧವಾರ

ಬಂದಿದ್ದಾಳೆ. ಹೇಳಿಲ್ಲ.

“ಬಾಗಿಲಿಗೆ ಬಂದೋರೆಲ್ಲ ತಲೆ ಮುಟ್ಟಿ ಹೋಗ್ತಿದ್ರು ಮಿಸ್. ಹೇಳೋಕೆ ಜಾಗಾನೇ ಇರಲಿಲ್ಲ.”

ಏಪ್ರಿಲ್ 4, ಶುಕ್ರವಾರ

ವಾಗೀಶ ಸರ್‌ಗೆ ಹೇಳಿದೆ. ಬಾಯಲ್ಲಿ ಆಗದೆ ಚೀಟಿಯಲ್ಲಿ ಬರೆದು ಕೊಟ್ಟೆ. ಓದಿ ಕನ್ನಡಕ ತೆಗೆದರು.

“ಪಾಪ. ಆದ್ರೆ ಪತ್ರದಲ್ಲಿ ತಪ್ಪೇನಿಲ್ಲವಲ್ಲ ಮಿಸ್. ಉಳಿದ ಮೂರು ಮನೆಯವರು ಫೋನ್ ಮಾಡಿ ಕೇಳಿ ತಿಳ್ಕೊಂಡ್ರು. ಇವರು ತಪ್ಪಾಗಿ ಓದ್ಕೊಂಡ್ರೆ ನಾವೇನ್ ಮಾಡೋಣ? ಟಿಸಿ ತಗೊಳ್ಳೋವಾಗ ಗೊತ್ತಾಗುತ್ತೆ ಬಿಡಿ.”

ಹೊರಗೆ ಮಹದೇವಪ್ಪ ಕಾಯುತ್ತಿದ್ದರು. ಶಿವನಂಜಮ್ಮ ಬಂದ ದಿನವೂ ಅಲ್ಲೇ ಇದ್ದವರು, ಈಗ ಸರ್ ಅಂದದ್ದನ್ನೂ ಕೇಳಿಸಿಕೊಂಡಿದ್ದರು.

“ಟಿಸಿ ನೋಡುದ್ರೂ ಆ ಯಮ್ಮಂಗೆ ಗೊತ್ತಾಗಲ್ಲ ಮಿಸ್. ದೊಡ್ಡ ಇಸ್ಕೂಲಿಗೆ ಹೋಗೋಕೆ ಕೊಟ್ಟವ್ರೆ ಅನ್ಕೋತಾರೆ. ಬರೋದು ಹತ್ತನೇ ಕ್ಲಾಸು. ಈಗ್ಲೇ ಹೋಗಿ ಬೇರೆ ಹೈಸ್ಕೂಲಲ್ಲಿ ಕೇಳಿಡ್ಬೇಕು. ಇಲ್ದಿರೋ ಇಸ್ಕೂಲ್ನ ಜೂನ್‌ವರ್ಗೂ ಕಾಯ್ತಾ ಕೂತ್ರೆ ಮಗು ಎಲ್ಲೂ ಇಲ್ದಂಗಾಯ್ತದೆ.” ಆಮೇಲೆ ಮೆಲ್ಲಗೆ — “ತಪ್ಪು ತಿಳ್ಕೋಬೇಡಿ ಮಿಸ್. ಹೋದ್ವರ್ಷ ನಾನು ಬರ್ದಿದ್ದು ಬಯ್ದಂಗಿತ್ತು. ಆದ್ರೆ ಅರ್ಥ ಆಯ್ತಿತ್ತು.”

ಗೇಟಿನ ಹತ್ತಿರ ಕೂತು ಅತ್ತ ಆ ತಂದೆ ಮರುದಿನವೇ ಮಗನನ್ನು ಬೇರೆ ಶಾಲೆಗೆ ಸೇರಿಸಿದರಂತೆ. ಅದನ್ನೂ ಮಹದೇವಪ್ಪನೇ ಹೇಳಿದರು.

ಏಪ್ರಿಲ್ 9, ಬುಧವಾರ

ಐದು ದಿನ ಏನೂ ಬರೆಯಲಿಲ್ಲ. ಬರೆಯುವುದರ ಮೇಲೇ ಒಂದು ಥರ ಹೇಸಿಗೆ.

ಹಾಸ್ಟೆಲ್ ಖಾಲಿಯಾಗುತ್ತಿದೆ. ಶಿವನಂಜಮ್ಮ ಶುಕ್ರವಾರ ಟ್ರಂಕು ತೆಗೆದುಕೊಂಡು ಹೋಗಲು ಬರುತ್ತಾರೆ. ವರ್ಷಿಣಿ ಲೈಬ್ರರಿಯ ಹತ್ತಿರ ನನ್ನನ್ನು ಹಿಡಿದಳು. ಎಲ್ಲ ಯೋಚಿಸಿಟ್ಟುಕೊಂಡು ಬಂದಿದ್ದಳು, ಲೆಕ್ಕ ಬಿಡಿಸಿದ ಹಾಗೆ.

“ಮಿಸ್, ಇನ್ನೊಂದು ಕಾಗದ ಬರೀತೀರಾ? ದೊಡ್ಡ ಸ್ಕೂಲಲ್ಲಿ ಸೀಟು ತುಂಬಿಹೋಯ್ತು, ಈ ಒಂದು ವರ್ಷ ಊರ ಹತ್ರಾನೇ ಓದಲಿ ಅಂತ. ಆಗ ನಾನು ಅಲ್ಲಿ ಹೈಸ್ಕೂಲ್ ಸೇರ್ಕೋತೀನಿ. ಅವ್ವನಿಗೂ ಬೇಜಾರಾಗಲ್ಲ. ಯಾರಿಗೂ ಏನೂ ಆಗಲ್ಲ.”

“ನಿನಗೆ?”

ಬ್ಯಾಗಿನ ಝಿಪ್ ಎಳೆದಳು, ಬಿಟ್ಟಳು.

“ನಾನು ನಿಜವಾಗ್ಲೂ ದಡ್ಡಿನಾ ಮಿಸ್?” ಅಂದಳು ಆಮೇಲೆ.

ಇಲ್ಲ ಅಂದೆ. ಇಷ್ಟು ದಿನದಲ್ಲಿ ನಾನು ಅವಳಿಗೆ ನೇರವಾಗಿ ಹೇಳಿದ ಒಂದೇ ಮಾತು. ಅವಳು ನಂಬಿದ ಹಾಗೆ ಕಾಣಲಿಲ್ಲ. ಚೆನ್ನಾಗಿ ಮಾತಾಡುವವರ ಮಾತಿನ ಮೇಲೆ ಈಗ ಅವಳಿಗೆ ಅನುಮಾನ. ಕಲಿಸಿದವಳು ನಾನೇ.

ಏಪ್ರಿಲ್ 10, ಗುರುವಾರ, ಸಂಜೆ

ಬೆಳಿಗ್ಗೆ ಆ ಎರಡನೆಯ ಪತ್ರ ಬರೆದೆ. ಹತ್ತು ನಿಮಿಷ. ಒಂದು ಪದವನ್ನೂ ಹೊಡೆದು ಹಾಕಲಿಲ್ಲ. ಓದಿ ನೋಡಿದರೆ ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಇಷ್ಟು ಸುಲಭವಾಗಿ ಬಂತಲ್ಲ ಅಂತ ಪೆನ್ನಿಗೆ ಮುಚ್ಚಳ ಹಾಕಿದೆ. ಶಿವನಂಜಮ್ಮ ಇದನ್ನೂ ನಂಬುತ್ತಾರೆ. ಮುಂದಿನ ವರ್ಷ ‘ಆ ಸೀಟು ಏನಾಯ್ತವ್ವ’ ಅಂತ ಕೇಳುತ್ತಾರೆ. ಆಗ ಮೂರನೆಯದು.

ಕೊಡಲಿಲ್ಲ. ಕೊಡುವುದಿಲ್ಲ.

ಮಧ್ಯಾಹ್ನ ಮಹದೇವಪ್ಪನ ಹತ್ತಿರ ನಾಳೆಗೆ ರಜೆ ಬರೆಸಿದೆ. “ಕಾರಣ ಮಿಸ್?” ಅಂದರು. “ನಂಜನಗೂಡು ಕಡೆ ಹೋಗ್ಬೇಕು” ಅಂದೆ. ಪೆನ್ನು ನಿಲ್ಲಿಸಿ ಮುಖ ನೋಡಿದರು. ಟಿಸಿ, ಮಾರ್ಕ್ಸ್ ಕಾರ್ಡು ಒಂದೇ ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು. ಸರ್‌ಗೆ ಗೊತ್ತಾದರೆ ಮುಂದಿನ ವರ್ಷ ನನ್ನ ಕೆಲಸ ಮುಂದುವರಿಸುವ ಆರ್ಡರ್ ಬರದೇ ಇರಬಹುದು. ಇರಲಿ.

ನಾಳೆ ತಾಯಿ-ಮಗಳ ಜೊತೆ ಬಸ್ಸು ಹತ್ತುತ್ತೇನೆ. ಅವರ ಮನೆಯಲ್ಲಿ ಕೂತು ಬಾಯಲ್ಲೇ ಹೇಳುತ್ತೇನೆ. ನಿಮ್ಮ ಮಗಳನ್ನು ನಮ್ಮ ಶಾಲೆ ಕೈಬಿಟ್ಟಿದೆ. ದೊಡ್ಡ ಶಾಲೆ ಯಾವುದೂ ಇಲ್ಲ. ಅವಳದೇನೂ ತಪ್ಪಿಲ್ಲ. ತಿಳಿಯದ ಹಾಗೆ ಬರೆದವಳು ನಾನು. ಬಯ್ಯಲಿ. ಬಯ್ದು ಮುಗಿಯುವ ತನಕ ಎದ್ದು ಬರುವುದಿಲ್ಲ. ಆಮೇಲೆ ಹೆಡ್‌ಮಾಸ್ಟರರ ಮನೆಗೆ, ಅವರನ್ನು ಕರೆದುಕೊಂಡು ಹೈಸ್ಕೂಲಿಗೆ.

ವರ್ಷಿಣಿಗೆ ಹೇಳಿಯೇ ಬಂದೆ. ಈ ಸಲ ಅತ್ತಳು.

“ನಾನು ಪಕ್ಕದಲ್ಲಿ ಕೂತಿರಬೇಕಾ ಮಿಸ್? ಹೊರಗೆ ಇರಬೇಕಾ?”

“ನಿನಗೆ ಹೇಗೆ ಬೇಕೋ ಹಾಗೆ.”

“ಪಕ್ಕದಲ್ಲೇ ಇರ್ತೀನಿ. ಇಲ್ದಿದ್ರೆ ಅವ್ವ ನನ್ನ ಹುಡುಕ್ತಾರೆ.”

ಈಗ ಅಮ್ಮ ಅಡುಗೆಮನೆಯಲ್ಲಿದ್ದಾಳೆ, ಕೇಳಿಸುವುದಿಲ್ಲ ಎಂದುಕೊಂಡು, ಒಂದು ಸಲ ಜೋರಾಗಿ ಹೇಳಿ ನೋಡಿದೆ. ಮೊದಲ ವಾಕ್ಯ ಬಂತು. ಪೂರ್ತಿ ಬಂತು.

“ಯಾರ ಮಗಳನ್ನ ಕೈಬಿಟ್ರೇ?” — ಅಮ್ಮ. ಬಾಗಿಲಿಗೆ ಬಂದು ನಿಂತಿದ್ದಾಳೆ. ಅವಳಿಗೆ ಇದೊಂದೂ ಗೊತ್ತಿಲ್ಲ. ಪೆನ್ನು ಇಡಬೇಕು. ಮೊದಲು ಇವಳಿಗೆ ಬಾಯಲ್ಲೇ ಹೇಳಬೇಕು.