ನಿನ್ನ ಟ್ರ್ಯಾಕ್ಟರ್ ಇವತ್ತು ಸ್ಟಾರ್ಟ್ ಆಯಿತು

ಲೋ ಕುಳ್ಳ,

ನೀನು ತೀರಿಕೊಂಡು ಆರು ತಿಂಗಳಾಯಿತು. ಇವತ್ತು ಬೆಳಿಗ್ಗೆ ನಿನ್ನ ಹೆಂಡತಿ ಆ ಹಳೇ ಪೆಟ್ರೋಲ್ ಟ್ರ್ಯಾಕ್ಟರನ್ನು ನನ್ನ ಗ್ಯಾರೇಜಿಗೆ ಎಳೆಸಿಕೊಂಡು ಬಂದಳು. ಇನ್ನು ತಾನೇ ಓಡಿಸುತ್ತಾಳಂತೆ.

ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ನೀನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದೆ. ಆದರೆ ಅವನ್ನು ಎತ್ತುವ ಪುಟ್ಟ ಕಾಲು ಸವೆದು, ನಡುವಿನ ಸಂದೇ ಮುಚ್ಚಿಹೋಗಿತ್ತು. ಕಿಡಿ ಎಲ್ಲಿಂದ ಹಾರಬೇಕು? ಸ್ಕ್ರೂ ಸಡಿಲಿಸಿ, ಅಳತೆಯ ಗೇಜು ಇಟ್ಟು ಸಂದು ಸರಿಮಾಡಿದೆ. ಪಾಯಿಂಟು ಎಷ್ಟು ಹೊತ್ತು ಮುಚ್ಚಿರುತ್ತದೆಂದು ತೋರಿಸುವ ಡ್ವೆಲ್ ಮೀಟರನ್ನೂ ಹಾಕಿ ನೋಡಿದೆ. ಹೌದು ಕಣೋ, ಕೊನೆಗೂ ಕೊಂಡುಕೊಂಡೆ. "ನಿನ್ನ ಕಣ್ಣಳತೆಗಿಂತ ಮೀಟರೇ ವಾಸಿ" ಎಂದು ನೀನು ಗಿರಾಕಿಗಳ ಮುಂದೆ ನಕ್ಕಿದ್ದಕ್ಕೇ ಅಲ್ಲವೇ ನಾನು ಎರಡು ವರ್ಷ ಮುಖ ಊದಿಸಿಕೊಂಡು ಕೂತಿದ್ದು? ಮುಳ್ಳು ಬೇಕಾದ ಅರವತ್ತು ಡಿಗ್ರಿಗೇ ನಿಂತಿತು. ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು.

ನಿನ್ನ ಹೆಂಡತಿ ಸೆರಗಿನಿಂದ ಸೀಟಿನ ಧೂಳು ಒರೆಸಿದಳು. ಆಮೇಲೆ ಕೇಳಿದಳು: "ಅಣ್ಣಾ, ಇದು ಕೆಟ್ಟು ನಿಂತಾಗ ಅವ್ರು ನಾಲ್ಕು ದಿನ ಒಬ್ರೇ ಒದ್ದಾಡಿದ್ರು. ನಿಮ್ಗೂ ಫೋನ್ ಮಾಡಿದ್ರಂತೆ, ನೀವು ಊರಲ್ಲಿ ಇರ್ಲಿಲ್ವಂತೆ. ಅಷ್ಟು ದೊಡ್ಡ ತೊಂದ್ರೆನಾ ಇದು?"

ಹಾಗಂತ ಅವಳಿಗೆ ಹೇಳಿದ್ದೆಯಾ ನೀನು? ಫೋನು ಇದೇ ಬೆಂಚಿನ ಮೇಲೆ, ನನ್ನ ಕೈಗೆ ಎಟುಕುವಲ್ಲೇ ಹೊಡೆದುಕೊಂಡಿತ್ತು ಕಣೋ.

"ದೊಡ್ಡದೇ ತಂಗೀ, ಒಬ್ನ ಕೈಲಿ ಆಗೋ ಕೆಲ್ಸ ಅಲ್ಲ" ಎಂದೆ.

"ಹಾಗಾದ್ರೆ ನಂಗೂ ಕಲಿಸ್ಕೊಡಿ" ಎಂದಳು. ಒಪ್ಪಿಕೊಂಡೆ. ನಾಳೆ ಬರುತ್ತಾಳೆ. ಇದು ಐದು ನಿಮಿಷದ ಕೆಲಸವೆಂದು ಆಗ ಅವಳಿಗೇ ಗೊತ್ತಾಗುತ್ತದೆ.