ಬಾತಿನ ಅಂಗಾಲು

ನುಗ್ಗೇಹಳ್ಳಿ
೯-೨-೧೯೫೯, ಸೋಮವಾರ

ಪ್ರೀತಿಯ ಅನಸೂಯಾ,

ಅರಕಲಗೂಡಿನಲ್ಲಿ ನೀನು, ನಿನ್ನ ತಾಯಿ ಚೆನ್ನಾಗಿದ್ದೀರಾ? ಬೆಳಗಿನ ಚಳಿಗೆ ಅವರ ಉಬ್ಬಸ ಹೆಚ್ಚಿಲ್ಲ ತಾನೇ? ನಾವಿಲ್ಲಿ ಗಟ್ಟಿಯಾಗಿದ್ದೇವೆ, ನಿನ್ನ ಮಾವನ ಬಾಯಂತೂ ಇನ್ನೂ ಗಟ್ಟಿ. ನಾಲ್ಕನೇ ಕ್ಲಾಸಿನ ಅಕ್ಷರ ನನ್ನದು, ಸೊಟ್ಟಗಿರುವ ಕಡೆ ನೀನೇ ನೆಟ್ಟಗೆ ಮಾಡಿಕೊಂಡು ಓದು. ಮುನಿಸಿಕೊಂಡು ತವರಿಗೆ ಹೋದ ಸೊಸೆಗೆ ಬಾತಿನ ಸುದ್ದಿ ಬರೆಯುತ್ತಾಳಲ್ಲ ಅಂತ ನಗಬೇಡ.

ನೀನು ತವರಿನಿಂದ ತಂದಿದ್ದ ಜೋಡಿ ಬಾತುಗಳಲ್ಲಿ ಬಿಳಿಯದು ಹೋದ ತಿಂಗಳು ಕುಂಟತೊಡಗಿತು. ತಪ್ಪು ನನ್ನದೇ. ಒಕ್ಕಣೆ ಮುಗಿದ ಮೇಲೆ ಕಣದಲ್ಲಿ ಉದುರಿದ ರಾಗಿ ಹಾಳಾಗುವುದೇಕೆ ಅಂತ ಎರಡನ್ನೂ ಹಗಲೆಲ್ಲ ಅಲ್ಲೇ ಕೂಡಿ ಹಾಕುತ್ತಿದ್ದೆ. ರೋಣಗಲ್ಲು ಉರುಳಿಸಿ ಗಟ್ಟಿ ಮಾಡಿದ ನೆಲ, ಕೆಸರಲ್ಲಿ ಓಡಾಡುವ ಕಾಲು. ನನಗದು ಹೊಳೆಯಲೇ ಇಲ್ಲ. ನೀನು ಬಸ್ಸು ಹತ್ತುವಾಗ, ನನ್ನ ಜೊತೆ ಮಾತು ಬಿಟ್ಟಿದ್ದರೂ, "ಅವುಗಳ ಅಂಗಾಲು ನೋಡ್ತಾ ಇರಿ ಅತ್ತೆ" ಅಂದಿದ್ದೆ. ಅದು ನೆನಪಾಗಿ ಎತ್ತಿ ನೋಡಿದರೆ, ಅಂಗಾಲು ಕೆಂಪಗೆ ಊದಿ ನಡುವೆ ಮೆಣಸಿನ ಕಾಳಿನಷ್ಟು ಕಪ್ಪು ಹಕ್ಕಳೆ. ಅದು ಸತ್ತರೆ ಯಾವ ಮುಖವಿಟ್ಟುಕೊಂಡು ನಿನ್ನನ್ನು ವಾಪಸು ಕರೆಯಲಿ? "ಸಾರ್ಗಾಯ್ತದೆ ಬುಡೆ" ಅಂದರು ನಿನ್ನ ಮಾವ. ಆ ದಿನ ಅವರಿಗೆ ನೀರುಸಾರೇ ಗತಿಯಾಯಿತು.

ಬಾತನ್ನು ಕುಕ್ಕೆಯಲ್ಲಿಟ್ಟುಕೊಂಡು ಚನ್ನರಾಯಪಟ್ಟಣದ ದನದ ಆಸ್ಪತ್ರೆಗೆ ಹೋದೆ. ಬಸ್ಸಿನವರೆಲ್ಲ ನಕ್ಕರು. ಕಾಂಪೌಂಡರ್ ಕೃಷ್ಣಪ್ಪ ಮಾತ್ರ ನಗಲಿಲ್ಲ. "ಬ್ಯಾಗ ತಂದ್ರಿ ಕಣಮ್ಮ, ಕೀವು ಇನ್ನೂ ಒಳಕ್ಕಿಳಿದಿಲ್ಲ. ಕುಯ್ಯಾದು ಬ್ಯಾಡ, ಹಕ್ಕಳೆ ಕೀಳ್ಬ್ಯಾಡಿ. ದಿನಾ ಎರಡೊತ್ತು ಉಗುರುಬೆಚ್ಚಗಿನ ಉಪ್ನೀರಲ್ಲಿ ಕಾಲಿಟ್ಟು, ಒರೆಸಿ, ಈ ಮುಲಾಮು ಅಚ್ಚಿ, ಮೆತ್ತಗಿರೋ ಉಲ್ಲಿನ ಮ್ಯಾಲೆ ಬುಡಿ" ಅಂದರು. ಹಾಗೇ ಮಾಡಿದೆ. ಮೊದಲ ದಿನ ಕುಕ್ಕಿತು. ಆಮೇಲಾಮೇಲೆ ಬಿಸಿನೀರಿನ ತಪ್ಪಲೆ ಕಂಡರೆ ತಾನೇ ಕುಂಟಿಕೊಂಡು ಬರುತ್ತಿತ್ತು. ಹದಿನೈದು ದಿನಕ್ಕೆ ಊತ ಇಳಿಯಿತು, ನಿನ್ನೆ ಕೆರೆಗೆ ಬಿಟ್ಟೆ. ಆ ಕೃಷ್ಣಪ್ಪನ ಹೊಟ್ಟೆ ತಣ್ಣಗಿರಲಿ. ನಿನ್ನ ಉಪಕಾರ ಅದಕ್ಕಿಂತ ದೊಡ್ಡದು. ಅಷ್ಟು ಕೋಪದಲ್ಲೂ ಆ ಒಂದು ಮಾತು ಹೇಳಿ ಹೋದೆಯಲ್ಲ, ಅದರಿಂದಲೇ ಬಾತು ಉಳಿಯಿತು.

ನಿನ್ನ ತಾಯಿಗೆ ನಮಸ್ಕಾರ ತಿಳಿಸು. ನೂರು ಕಾಲ ತಣ್ಣಗೆ ಬಾಳು ಮಗಳೇ.

ನಿನ್ನ ಅತ್ತೆ,
ಪಾರ್ವತಮ್ಮ

ವಿ.ಸೂ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ರಾಗಿ ಕೊಯ್ಲಿನಲ್ಲಿ ಅಂಗಾಲಿಗೆ ಕೂಳೆ ಚುಚ್ಚಿ ನೀನು ಕುಂಟುತ್ತಿದ್ದಾಗ, ಆಳುಗಳೆದುರಿಗೇ ನಿನ್ನನ್ನು ಕೆಲಸಗಳ್ಳಿ ಅಂದುಬಿಟ್ಟೆ. ಬಾತಿನ ಕಾಲನ್ನು ಹದಿನೈದು ದಿನ ಅಂಗೈಯಲ್ಲಿ ಹಿಡಿದವಳು ನಿನ್ನ ಕಾಲನ್ನು ಒಂದು ಸಲವೂ ನೋಡಲಿಲ್ಲ. ತಪ್ಪಾಯಿತು ತಾಯಿ. ಗಾಯ ಮಾಗಿದೆಯಾ? ಶನಿವಾರ ನಾನೇ ನೋಡಲು ಬರುತ್ತೇನೆ, ಬೇಡ ಅನ್ನಬೇಡ.