ಮಣಿ ಇರುತ್ತದೆ, ಕರೆಂಟ್ ಇರುವುದಿಲ್ಲ

2150, ಫೆಬ್ರವರಿ 29
ಮೈಸೂರು

ದೇವೀರಮ್ಮಜ್ಜಿ,

ಒಂದು ವಿಷಯವನ್ನು ಬರೆಯದೆ ಬಿಡುವುದರಲ್ಲಿದ್ದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಲಿವರಿನಲ್ಲಿರುವ, ಪಿತ್ತನಾಳದಿಂದ ಹುಟ್ಟುವ ಆ ಅಪರೂಪದ ಗಡ್ಡೆ ನನಗೂ ಬಂದಿತ್ತು. ಚಿಕಿತ್ಸೆಯಾಗಿ ಇವತ್ತಿಗೆ ಹತ್ತು ದಿನ. ಬೆಳಿಗ್ಗೆ ಆರು ವರ್ಷದ ಮಗಳು ನನ್ನ ಮಂಚ ಹತ್ತಲು ಬಂದಳು. ಎಲ್ಲ ಗೊತ್ತಿದ್ದೂ, "ಬೇಡ ಪುಟ್ಟಾ, ಆಮೇಲೆ" ಎಂದು ಕಳಿಸಿಬಿಟ್ಟೆ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಹೆಸರಿಲ್ಲದ ರಜೆ. ನಾನು ನಿಮ್ಮ ಮೊಮ್ಮಗಳು ಧನ್ವಿಯ ಮರಿಮಗಳು ಇರಾವತಿ, ವಯಸ್ಸು ನಲವತ್ತಾರು. ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಈ ಕಾಗದ ಬರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ಬಹಳ ಜನ ಅದನ್ನು ಹಳೆಯ ಜಗಳಗಳಿಗೆ ಕ್ಷಮೆ ಕೇಳಲು ಬಳಸುತ್ತಾರೆ. ಕಾಗದ ಪಡೆಯುವವರು ಎಷ್ಟು ವರ್ಷ ಬದುಕಿದರೆಂದು ಬರೆಯುವಂತಿಲ್ಲ. ನಮ್ಮ ಬಸ್ಸುಗಳಲ್ಲಿ ನಿಮ್ಮಂಥ ಕಂಡಕ್ಟರುಗಳಿಲ್ಲ. ಆದರೂ ಸ್ಟಾಪ್ ಬಿಡುವಾಗ ಬಸ್ಸು ತಾನೇ "ರೈಟ್, ರೈಟ್" ಅನ್ನುತ್ತದೆ, ಹೆಂಗಸಿನ ದನಿಯಲ್ಲಿ.

ಇದು ನಿಮ್ಮ ಕೈ ಸೇರುವುದು ನೀವು ಆಸ್ಪತ್ರೆಯಿಂದ ಬಂದ ಐದನೆಯ ದಿನ. ತೊಡೆಸಂದಿಯ ರಕ್ತನಾಳದಲ್ಲಿ ತೆಳುವಾದ ಕೊಳವೆ ಹಾಯಿಸಿ, ಗಡ್ಡೆಗೆ ರಕ್ತ ಒಯ್ಯುವ ದಾರಿಯಲ್ಲೇ ಕೂದಲೆಳೆಗಿಂತ ಸಣ್ಣ ಗಾಜಿನ ಮಣಿಗಳನ್ನು ಬಿಟ್ಟಿದ್ದಾರೆ. ಅವು ಗಡ್ಡೆಯಲ್ಲೇ ಕೂತು ಒಳಗಿನಿಂದ ವಿಕಿರಣ ಕೊಡುತ್ತವೆ. ಒಂದು ವಾರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಮಣಿಗಳು ಕೊನೆತನಕ ಒಳಗೇ ಇರುತ್ತವೆ ಎಂದು ಡಾಕ್ಟರು ಹೇಳಿದರು. ನಿಮ್ಮ ಕಡೆ ಈ ಚಿಕಿತ್ಸೆಗೆ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ತಪ್ಪು ನಡೆದದ್ದು ಆ ಮಾತಿನಿಂದ. "ಮಣಿ ಇರೋಗಂಟ ಕರೆಂಟೂ ಇರ್ತದೆ ಕಣವ್ವ. ಮಗೀನ ವೈರ್‌ಗೆ ತಗಲಿಸ್ತೀಯಾ?" ಎಂದು ಮಗಳನ್ನು ಕೇಳಿದಿರಿ. ಏಳೇ ದಿನ ಅಂದಿದ್ದಾರಲ್ಲ ಎಂದು ಧನ್ವಿಯ ತಾಯಿ ಗೋಗರೆದರೆ, "ಹೈಸ್ಕೂಲ್ ಹುಡ್ಗನ್ಗೆ ಹತ್ತೇ ವರ್ಸ ಅಂತ ಅರ್ಧ ಟಿಕೆಟ್ ಕೇಳೋರ್ನ ಮೂವತ್ತು ವರ್ಸ ನೋಡಿವ್ನಿ. ನನ್ ಸಮಾಧಾನಕ್ಕೆ ಹೇಳೋ ಸುಳ್ಳು ನಂಗೆ ಗೊತ್ತಾಗಕಿಲ್ವಾ?" ಅಂದಿರಿ.

ಆಮೇಲೆ ನೀವು ಧನ್ವಿಯನ್ನು ಎತ್ತಿಕೊಳ್ಳಲೇ ಇಲ್ಲ. ಅವರು ತೊಂಬತ್ತೊಂದರ ಮುದುಕಿಯಾಗಿ, ಹನ್ನೊಂದು ವರ್ಷದ ನನ್ನ ತಲೆ ಬಾಚುತ್ತಾ ಹೇಳಿದ್ದು: "ಕಾರಣ ದೊಡ್ಡೋಳಾದ್ಮೇಲೆ ಗೊತ್ತಾಯ್ತು ಕಣೆ. ಆದ್ರೆ ನಮ್ಮಜ್ಜಿ ಸೀರೆ ವಾಸ್ನೆ ಹೆಂಗಿತ್ತು ಅಂತ ಮಾತ್ರ ನಂಗೆ ಗೊತ್ತೇ ಇಲ್ಲ."

ಮಣಿ ಇರುತ್ತದೆ ಅಜ್ಜಿ, ಅದರ ವಿಕಿರಣ ಎರಡು-ಮೂರು ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಅದಕ್ಕೇ ನಾವದನ್ನು ಆರುಮಣಿ ಅನ್ನುತ್ತೇವೆ, ದೀಪದಂತೆ ಆರಿಹೋಗುವ ಮಣಿ. ನನ್ನೊಳಗೂ ಇರುವುದು ಅದೇ. ಇಷ್ಟು ಒಳ್ಳೆಯ ಹೆಸರಿಟ್ಟುಕೊಂಡೂ, ವಾರ ಕಳೆದಿದ್ದರೂ ಇವತ್ತು ನನ್ನ ಕೈ ಹಿಂದೆ ಸರಿಯಿತು. ತಿಳಿದಿದ್ದರೆ ಭಯ ಹೋಗುತ್ತದೆ ಅಂದುಕೊಂಡಿದ್ದೆ. ದೂರ ಇಡುವುದೇ ಪ್ರೀತಿ ಎಂದು ನಮ್ಮ ಮನೆಯ ಹೆಂಗಸರು ಕಲಿತುಬಿಟ್ಟೆವೋ ಏನೋ.

ಡಾಕ್ಟರು ಹೇಳಿದ ವಾರ ಪೂರ್ತಿ ಮುಗಿಯಲಿ. ಎಂಟನೆಯ ದಿನ ಧನ್ವಿ ಬಾಗಿಲ ಹತ್ತಿರ ಬಂದು ನಿಲ್ಲುತ್ತಾಳೆ. ಎರಡು ವರ್ಷದ ಮಗು, ಬೇಡ ಅಂದಿದ್ದನ್ನು ನೆನಪಿಟ್ಟಿದೆ. ತಾನಾಗಿ ಒಳಗೆ ಬರುವುದಿಲ್ಲ. ನೀವೇ ಕರೆಯಬೇಕು.

ನಾನು ಮಾಡದ್ದನ್ನು ನಿಮ್ಮಿಂದ ಕೇಳಲು ನನಗೆ ಹಕ್ಕಿಲ್ಲ. ನಾಳೆ ಎದ್ದ ಕೂಡಲೇ ಮಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತೇನೆ. ಅವಳಿಗೆ ಸಾಕಾಗಿ, ಬಿಡಿಸಿಕೊಂಡು ಆಟಕ್ಕೆ ಓಡಿದ ಮೇಲೆ ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ: 2150, ಫೆಬ್ರವರಿ 30.